ಒಂದು ಬದಿ ಖಾಲಿ ಹಾಳೆ

ಮೇ 29, ಗುರುವಾರ

ಇವತ್ತಿನಿಂದ ಎಲ್ಲವನ್ನೂ ಬರೆದಿಡುವುದೆಂದು ತೀರ್ಮಾನಿಸಿದ್ದೇನೆ. ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಎಡವಟ್ಟಾದ ದಿನ ಎಲ್ಲರ ಜ್ಞಾಪಕಶಕ್ತಿಯೂ ಒಟ್ಟಿಗೆ ರಜೆ ಹಾಕುತ್ತದೆ. ಆಗ ತಾರೀಖು ಸಮೇತ ಬರೆದಿಟ್ಟವನೊಬ್ಬನೇ ಬಚಾವಾಗುವುದು. ಆಗಸ್ಟ್ 31ಕ್ಕೆ ನಾನು ನಿವೃತ್ತ. ಅಲ್ಲಿಯವರೆಗೆ ಯಾರ ಮಸಿಯೂ ನನ್ನ ಅಂಗಿಗೆ ತಾಗಬಾರದು.

ಬೆಳಿಗ್ಗೆ ದೀಪಶ್ರೀ ಮೇಡಂ ಬಾಗಿಲು ಹಾಕಿಸಿ ಸಭೆ ಮಾಡಿದರು. ನಮ್ಮ ವಲಯ ಯೋಜನಾ ಕಚೇರಿಗೆ ಅವರು ಬಂದು ಇನ್ನೂ ಒಂದು ವರ್ಷ ತುಂಬಿಲ್ಲ, ಆದರೆ ನಕ್ಷೆಯ ಮುಂದೆ ನಿಂತರೆ ಮಾತು ಖಡಕ್ಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕನ್ನೂ ಸೇರಿಸಿ ಒಂದೇ ದೊಡ್ಡ ನಗರವೆಂದು ಲೆಕ್ಕ ಹಾಕಬೇಕಂತೆ. ಒಂಟಿಯಾಗಿ ನಿಂತರೆ ಹಾಸನ ಮೈಸೂರಿಗೂ ತುಮಕೂರಿಗೂ ಸಾಟಿಯಲ್ಲ, ನಾಲ್ಕೂ ಸೇರಿದರೆ ಕಾರ್ಖಾನೆಯವರು ಈ ಕಡೆ ತಿರುಗಿ ನೋಡುತ್ತಾರೆ ಎಂದು ಬೆಂಗಳೂರಿನ ಸಲಹೆಗಾರರ ವರದಿ ಹೇಳುತ್ತದೆ. ನಾನು ಹೊಳೆನರಸೀಪುರದವನು. ಹೇಮಾವತಿಯ ನೀರನ್ನೆಲ್ಲ ಹಾಸನದವರೇ ಕುಡಿದು ಮುಗಿಸುತ್ತಾರೆ ಎಂಬ ಮಾತು ಕೇಳುತ್ತಲೇ ಬೆಳೆದವನು. ಈ ನಾಲ್ಕು ಊರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುತ್ತೇವೆಂದು ಹೊರಟವರಿಗೆ ಧೈರ್ಯ ಇದೆ ಎಂದುಕೊಂಡೆ.

ನಕ್ಷೆಯಲ್ಲಿ ನೇರಳೆ ಬಣ್ಣದ ಒಂದು ತುಂಡಿದೆ. ಆಲೂಗಡ್ಡೆ, ಹಾಲು, ತೆಂಗು ಸಂಸ್ಕರಿಸುವ ಕೈಗಾರಿಕಾ ವಲಯ, ಆರುನೂರು ಎಕರೆ. ಅದು ದುದ್ದದ ಕಡೆ ಬರುತ್ತದೋ ದಂಡಿಗನಹಳ್ಳಿಯ ಕಡೆ ಬರುತ್ತದೋ ಎಂಬುದು ಸರ್ಕಾರ ಒಪ್ಪುವವರೆಗೆ ಗುಟ್ಟು. ಗೊತ್ತಿರುವುದು ಐದೇ ಜನಕ್ಕೆ: ಮೇಡಂ, ಸಲಹೆಗಾರರು, ಜಾಗ ನೋಡಲು ಜೀಪು ಓಡಿಸುವ ಚಂದ್ರಯ್ಯ, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಅನಿಲ್‌ಕುಮಾರ್, ಮತ್ತೆ ಸೂಪರಿಂಟೆಂಡೆಂಟ್ ಆದ ನಾನು. ಕೆಟ್ಟುಹೋದ ಪ್ರಿಂಟುಗಳನ್ನು ನನ್ನ ಎದುರಿಗೇ ಸುಡಿಸಿ ವಹಿಯಲ್ಲಿ ಸಹಿ ಹಾಕಬೇಕೆಂದು ಆದೇಶವಾಯಿತು.

ಈ ಅನಿಲ್‌ಕುಮಾರ್ ಕೆಲಸಕ್ಕೆ ಸೇರಿ ಎಂಟು ತಿಂಗಳು, ಇನ್ನೂ ಖಾಯಂ ಆಗಿಲ್ಲ. ಊರು ಸಾಕ್ಷಾತ್ ದಂಡಿಗನಹಳ್ಳಿ. ಸಭೆಯುದ್ದಕ್ಕೂ ಫೋನನ್ನು ಬೋರಲು ಹಾಕಿಕೊಂಡು ಕೂತಿದ್ದ. ನನಗೆ ಇದು ಸರಿ ಕಾಣಲಿಲ್ಲ.

ಜೂನ್ 4, ಬುಧವಾರ

ದೊಡ್ಡ ಪ್ರಿಂಟರ್ ಕೈಕೊಟ್ಟಿತು. ಹಸಿರೆಲ್ಲ ಹಳದಿಯಾಗಿ ಬಂದು ಹದಿನಾಲ್ಕು ಹಾಳೆ ದಂಡ. ಹುಡುಗ ‘ಸಾರಿ ಸಾ’ ಎಂದ. ಬೇಕೆಂದೇ ಕೆಡಿಸಿದನೇ ಎಂಬ ಅನುಮಾನ ಬಂದು ಹಾಳೆಗಳನ್ನು ಒಂದೊಂದಾಗಿ ಎಣಿಸಿ ನಾನೇ ತೆಗೆದುಕೊಂಡೆ. ಹದಿನಾಲ್ಕಕ್ಕೆ ಹದಿನಾಲ್ಕೂ ಇದ್ದವು. ವಹಿಯಲ್ಲಿ ‘ನಾಶಪಡಿಸಲಾಗಿದೆ’ ಎಂದು ಬರೆದು ಸಹಿ ಹಾಕಿದೆ.

ಬೆಂಕಿಗೆ ಹಾಕಲು ಮಾತ್ರ ಮನಸ್ಸು ಬರಲಿಲ್ಲ. ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ನಮ್ಮಪ್ಪ ಪಂಚಾಂಗದ ಹಳೆಯ ಹಾಳೆಯನ್ನೂ ಹೊಳೆಗೇ ಬಿಡುತ್ತಿದ್ದರು, ಒಲೆಗೆ ಹಾಕಿದವರಲ್ಲ. ಇದೋ ದಪ್ಪ ಹಾಳೆ, ಹಿಂಬದಿ ಹಾಲಿನ ಹಾಗೆ ಬಿಳುಪು. ಶಾಲೆ ಶುರುವಾಗಿದೆ, ತನ್ನ ತರಗತಿಯ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಹಾಳೆ ಬೇಕೆಂದು ನನ್ನ ಹೆಂಡತಿ ಕನಕಲಕ್ಷ್ಮಿ ವಾರದಿಂದ ಹೇಳುತ್ತಿದ್ದಳು. ಕಚೇರಿಯ ಹೆಸರಿದ್ದ ಪಟ್ಟಿಯನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಅವಳಿಗೆ ಕೊಟ್ಟೆ. ಹೆಸರಿಲ್ಲದ ಮೇಲೆ ಅದು ಬರೀ ಬಣ್ಣದ ಕಾಗದ. ಖುಷಿಪಟ್ಟಳು. ಟೀಚರಾಗಿ ಅವಳಿಗೂ ಇದು ಕೊನೆಯ ವರ್ಷ.

ಸಂಜೆ ಹೊರಡುವಾಗ ಚೀಲದಲ್ಲೇನೆಂದು ಕೇಳಿದ ಚಂದ್ರಯ್ಯನಿಗೆ ಮಕ್ಕಳ ಪುಸ್ತಕಕ್ಕೆ ಹಾಳೆ ಎಂದೆ. ಹುಡುಗ ನನ್ನ ಚೀಲವನ್ನೇ ನೋಡುತ್ತಿದ್ದ. ಏನು ಕಣ್ಣೋ ಅದು.

ಜೂನ್ 19, ಗುರುವಾರ

ನಾನು ಹೆದರಿದ್ದೇ ಆಯಿತು. ಬೆಳಿಗ್ಗೆ ಚಂದ್ರಯ್ಯ ಮೇಡಂ ಕೊಠಡಿಗೆ ಬಂದವನೇ, “ಮೇಡಂ, ದಂಡಿಗನಳ್ಳಿ ಕಡೆ ನೆಲ ಬಂಗಾರ ಆಗ್ಬುಟ್ಟೈತೆ. ಕಾರ್‌ಗಳು ಸಾಲಾಗಿ ನಿಂತವೆ. ಓದ್ ತಿಂಗ್ಳು ಖಾಲಿ ಬಿದ್ದಿದ್ ಒಲದಾಗೆಲ್ಲ ತೆಂಗಿನ್ ಸಸಿ ನೆಟ್ಟವ್ರೆ” ಎಂದ.

ಖಾಲಿ ಹೊಲಕ್ಕಿಂತ ಮರವಿರುವ ಹೊಲಕ್ಕೆ ಪರಿಹಾರ ಜಾಸ್ತಿ. ಅದಕ್ಕೇ ನಮ್ಮ ಕಡೆ ಯೋಜನೆಯ ವಾಸನೆ ಬಡಿದರೆ ಮೊದಲು ಏಳುವುದು ತೆಂಗಿನ ಸಸಿ. ಅದೂ ಸರಿಯಾಗಿ ನಮ್ಮ ನೇರಳೆ ಗೆರೆಯೊಳಗೇ ಎದ್ದಿವೆಯಂತೆ, ಆಚೆಗೆ ಒಂದೂ ಇಲ್ಲ. ಮೇಡಂ ಮುಖ ಬಿಳಿಚಿಕೊಂಡಿತು. “ರೇಟು ಹೀಗೆ ಏರಿದ್ರೆ ಬರೋ ಕಂಪನಿ ಬೇರೆ ಜಿಲ್ಲೆಗೆ ಹೋಗುತ್ತೆ ನಂಜುಂಡಯ್ಯನವರೇ. ಇಷ್ಟು ಜನರ ಎರಡು ವರ್ಷದ ಕೆಲಸ ನೀರಲ್ಲಿ ಹೋಮ. ಯಾರು ಹೇಳಿದ್ದು ಅಂತ ಗೊತ್ತಾಗ್ಬೇಕು” ಎಂದರು.

ಐದು ಜನ. ಚಂದ್ರಯ್ಯನ ಬಾಯಿ ಸಡಿಲ, ಆದರೆ ಅವನಿಗೆ ನಕ್ಷೆ ಓದಲು ಬರುವುದಿಲ್ಲ. ಸಲಹೆಗಾರರಿಗೆ ದಂಡಿಗನಹಳ್ಳಿ ಎಲ್ಲಿದೆ ಎಂದೇ ಎರಡು ಸಲ ಕೇಳಬೇಕಾಗುತ್ತದೆ. ಮೇಡಂ ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವವರಲ್ಲ. ಉಳಿದವನು ಒಬ್ಬನೇ.

ಜೂನ್ 21, ಶನಿವಾರ

ಹುಡುಗ ಊಟದ ಹೊತ್ತಿನಲ್ಲಿ ಮೆಟ್ಟಿಲ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದ. ಕೈ ತೊಳೆಯುವ ನೆಪದಲ್ಲಿ ಹತ್ತಿರ ಹೋದೆ. “ಸರ್ವೆ ನಂಬರ್ ಕೊಟ್ಟಿವ್ನಿ, ಲಿಸ್ಟಲ್ಲಿ ನಮ್ದೂ ಸೇರ್ಸಿ” ಎಂದದ್ದು ಕಿವಿಯಾರೆ ಕೇಳಿದೆ. ನನ್ನನ್ನು ಕಂಡು ಮಾತು ನಿಲ್ಲಿಸಿದ. ಸಮಯ 1.40.

ಜೂನ್ 24, ಮಂಗಳವಾರ

ರಜೆ ಹಾಕಿ ದಂಡಿಗನಹಳ್ಳಿಗೆ ಹೋಗಿದ್ದೆ. ಕನಕಲಕ್ಷ್ಮಿ ದಿನಾ ಶಾಲೆಗೆ ಹೋಗುವ ಬಸ್ಸಿನಲ್ಲೇ ಹೋಗಿ, ಅವಳಿಗೆ ಕಾಣದ ಹಾಗೆ ಹಿಂದಿನ ಸೀಟಿನಲ್ಲಿ ಕೂತೆ. ಹೆಂಡತಿಗೂ ಹೇಳದೆ ಪತ್ತೇದಾರಿಕೆ. ನನಗೇ ನಗು ಬಂತು.

ಅನಿಲ್‌ಕುಮಾರನ ಮನೆ ಕೇಳಿಕೊಂಡು ಹೋದೆ. ಹೊಲದ ತುಂಬ ಮೊಣಕಾಲುದ್ದದ ತೆಂಗಿನ ಸಸಿ, ದಾರ ಹಿಡಿದು ನೆಟ್ಟ ಹಾಗೆ. ಅವನ ತಾಯಿ ಪುಟ್ಟತಾಯಮ್ಮ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರು. ಹಾಸನದ ಕಚೇರಿಯವನು ಎಂದದ್ದೇ ತಡ, ಸೆರಗಿನಲ್ಲಿ ಜಗಲಿ ಒರೆಸಿದರು. “ಬನ್ನಿ ಸ್ವಾಮಿ, ಕುಂತ್ಕಳಿ. ನಮ್ ಮಗ ನಿಮ್ ಇಸ್ಯ ಬೋ ಯೋಳ್ತನೆ. ನಮ್ ಸೂಪ್ರೆಂಡು ಒಂದ್ ಕಾಗ್ದಾನೂ ದಂಡ ಮಾಡಕಿಲ್ಲ ಅಂತಾನೆ” ಎಂದು ಮಜ್ಜಿಗೆ ತಂದುಕೊಟ್ಟರು.

ಬಾಯಿ ಬಿಡಿಸಲು ಇದೇ ಸಮಯವೆಂದು, “ಸಸಿ ಚೆನ್ನಾಗಿವೆ, ನೆಡೋಕೆ ಯಾರು ಹೇಳಿದ್ದು?” ಎಂದೆ.

“ಇನ್ಯಾರು ಸ್ವಾಮಿ, ನಮ್ ಅನಿಲನೇಯ. ಈ ಮಳೆಗೇ ನೆಟ್‌ಬುಡವ್ವ, ತಡ ಮಾಡಬ್ಯಾಡ ಅಂದ.”

ಇದಕ್ಕಿಂತ ಸಾಕ್ಷಿ ಬೇಕೇ? ಮುಂದೆ ಏನನ್ನೂ ಕೇಳಲಿಲ್ಲ. ಹೊರಟಾಗ ಬೇಡವೆಂದರೂ ಚೀಲಕ್ಕೆ ನಾಲ್ಕು ತೆಂಗಿನಕಾಯಿ ಹಾಕಿದರು. ಬರುವ ದಾರಿಯಲ್ಲಿ ಬಸ್ಸಿನಲ್ಲೇ ವರದಿಯ ಮೊದಲ ಸಾಲು ಹೊಳೆಯಿತು.

ಜೂನ್ 27, ಶುಕ್ರವಾರ

ನನ್ನ ಎರಡು ಪುಟದ ವರದಿಯ ಮೇಲೆ ಹುಡುಗ ಅಮಾನತಾದ. ವಿಚಾರಣೆಯಲ್ಲಿ ತಪ್ಪೆಂದು ತೀರ್ಮಾನವಾದರೆ ಕೆಲಸವೇ ಹೋಗುತ್ತದೆ, ಖಾಯಂ ಆಗದವನಿಗೆ ಮೇಲ್ಮನವಿಯೂ ಕಷ್ಟ. ಆದೇಶವನ್ನು ಅವನ ಕೈಗೆ ಕೊಟ್ಟವನು ನಾನೇ. ಎರಡು ಸಲ ಓದಿದ. ಕಿರುಚಾಡುತ್ತಾನೆ ಎಂದುಕೊಂಡಿದ್ದೆ.

“ನೀವು ನಮ್ಮೂರಿಗೆ ಓಗಿದ್ದು ಅವ್ವ ಯೋಳ್ತು ಸಾ. ನನ್ನೇ ಒಂದ್ ಮಾತು ಕೇಳ್‌ಬೋದಿತ್ತಲ್ವಾ ಸಾ?” ಅಂದ. ಅಷ್ಟೇ. ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿಕೊಂಡು ಹೋದ.

ಕಳ್ಳರು ಹೀಗೇ ಸಾಧುಗಳ ಹಾಗೆ ಮಾತಾಡುವುದು. ನನ್ನ ಕರ್ತವ್ಯ ನಾನು ಮಾಡಿದ್ದೇನೆ. ಮನೆಯಲ್ಲಿ ಕಾಯಿ ಹೋಳಿಗೆ.

ಜುಲೈ 3, ಗುರುವಾರ

ಕಚೇರಿ ಪ್ರಶಾಂತವಾಗಿದೆ. ಟೀ ತಂದುಕೊಟ್ಟು ಯಾರೂ ನಿಲ್ಲುತ್ತಿಲ್ಲ.

ದಂಡಿಗನಹಳ್ಳಿಯ ಗುಟ್ಟು ಬಯಲಾಯಿತೆಂದು ಮೇಡಂ ನೇರಳೆ ತುಂಡನ್ನು ರಸ್ತೆಯ ಆಚೆಗೆ ಸರಿಸಿ ಹೊಸ ನಕ್ಷೆ ಮಾಡಿಸಿದರು. ಅನಿಲ್‌ಕುಮಾರ್ ಇಲ್ಲದ ಕಾರಣ ಮೇಡಂ ತಾವೇ ಕೂತು ಬಿಡಿಸಿದರು. ಅಳತೆ ತಪ್ಪಿ ಒಂಬತ್ತು ಹಾಳೆ ದಂಡ. ಅವನಾಗಿದ್ದರೆ ಒಂದೇ ಸಲಕ್ಕೆ ಸರಿಯಾಗಿ ತೆಗೆಯುತ್ತಿದ್ದ ಎಂದು ಚಂದ್ರಯ್ಯ ನನಗೆ ಕೇಳಿಸುವ ಹಾಗೆ ಗೊಣಗಿದ. ಹಾಳೆಗಳು ವಹಿಗೆ ಏರಿದವು. ಎಂಟನೆಯ ತರಗತಿಯ ಉಳಿದ ಮಕ್ಕಳಿಗೂ ಆಯಿತು ಎಂದು ಕನಕಲಕ್ಷ್ಮಿಗೆ ಸಮಾಧಾನ.

ಜುಲೈ 11, ಶುಕ್ರವಾರ

ನಾಲ್ಕು ತಾಲ್ಲೂಕಿನ ಮುಖಂಡರ ಸಭೆ. ವರ್ತುಲ ರಸ್ತೆ ತಮ್ಮನ್ನು ಬಳಸಿಕೊಂಡು ಹೋಗುತ್ತದೆ ಎಂದು ಅರಕಲಗೂಡಿನವರ ಅನುಮಾನ. ನೀರು ತಮ್ಮದು, ಕಾರ್ಖಾನೆ ಇನ್ನೊಬ್ಬರದು ಎಂದು ಗೊರೂರಿನಿಂದ ಬಂದವರ ಅನುಮಾನ. ಹೊಳೆನರಸೀಪುರದವರು ಊಟವಾಗುವವರೆಗೆ ಬಾಯಿ ಬಿಡಲಿಲ್ಲ, ಅದು ಉಳಿದವರಿಗೆಲ್ಲ ಅನುಮಾನ. ಮೈಸೂರಿನ ಜೊತೆ ಪೈಪೋಟಿ ಮಾಡುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಸಭೆಯ ಕೊನೆಗೆ ಚನ್ನರಾಯಪಟ್ಟಣದವರೊಬ್ಬರು ಎದ್ದು, “ಇನ್ನೂ ಗುಟ್ಟು ಯಾಕೆ ಮೇಡಂ? ಈಗ ರಸ್ತೆ ಆಚೆ ಕಡೇಗೂ ಸಸಿ ಬಿದ್ದವಲ್ಲ” ಎಂದರು.

ರಸ್ತೆಯ ಆಚೆ. ಹೊಸ ನಕ್ಷೆ! ಅನಿಲ್‌ಕುಮಾರ್ ಹೋದ ಮೇಲೆ ಬಿಡಿಸಿದ್ದು!

ಮೇಡಂ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಇಬ್ಬರೂ ಒಂದೇ ಯೋಚನೆ ಮಾಡುತ್ತಿದ್ದೆವು ಎಂದು ಕಾಣುತ್ತದೆ. ಇಷ್ಟು ದಿನ ಈ ಹೆಂಗಸನ್ನು ನಂಬಿದ್ದೇ ತಪ್ಪಾಯಿತೇನೋ. ನಾಳೆಯಿಂದ ಇವರ ಮೇಲೂ ಒಂದು ಕಣ್ಣಿಡಬೇಕು.

ಜುಲೈ 16, ಬುಧವಾರ

ಇವತ್ತಿನದನ್ನು ಆದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ ಮೋಹನ್‌ಕುಮಾರ್ ಎಂಬ ಆಸಾಮಿ ನನ್ನ ಮೇಜಿನ ಹತ್ತಿರ ಬಂದ. ಬಿಳಿ ಷರ್ಟು, ಕೈಯಲ್ಲಿ ಎರಡು ಫೋನು, ದಂಡಿಗನಹಳ್ಳಿಯ ಕಡೆ ಜಮೀನು ವ್ಯಾಪಾರ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ಸಾ, ನಂಗೆ ಬ್ಯಾರೆ ಏನೂ ಬ್ಯಾಡ. ಎಲ್ಡು ನಕ್ಷೆ ಸಿಕ್ಕವೆ. ಒಂದ್ರಲ್ಲಿ ರೋಡಿಂದ ಈ ಕಡೆ ಐತೆ, ಇನ್ನೊಂದ್ರಲ್ಲಿ ಆ ಕಡೆ ಐತೆ. ಯಾವ್ದು ನಿಜ ಅಂತ ಯೋಳ್‌ಬುಡಿ, ನಾನು ಎದ್ದೋಯ್ತೀನಿ.”

ಒಂದು ತಿಂಗಳಿಂದ ಹುಡುಕುತ್ತಿದ್ದ ಸಾಕ್ಷಿ ತಾನಾಗಿ ಕಾಲು ಮೂಡಿಸಿಕೊಂಡು ಬಂದಿದೆ. “ತೋರ್ಸಿ ನೋಡೋಣ” ಎಂದೆ, ಆದಷ್ಟೂ ಮೆತ್ತಗೆ.

ಮಡಿಸಿಟ್ಟಿದ್ದ ಒಂದು ದೊಡ್ಡ ಹಾಳೆ ತೆಗೆದ. ಒಂದೇ ಹಾಳೆಯಲ್ಲ, ಇಪ್ಪತ್ತಕ್ಕೂ ಹೆಚ್ಚು ತುಂಡುಗಳನ್ನು ಟೇಪಿನಿಂದ ಅಂಟಿಸಿದ್ದು. ಒಂದೊಂದಕ್ಕೂ ನಡುವೆ ಎರಡು ಮಡಿಕೆಯ ಗುರುತು, ಅಂಚು ಒಳಕ್ಕೆ ಬಾಗಿದ ಗುರುತು. ಎಡಗಡೆ ಹಳೆಯ ನಕ್ಷೆ, ಹಸಿರೆಲ್ಲ ಹಳದಿ; ಬಲಗಡೆ ಹೊಸದು. ನಮ್ಮದೇ. ನೇರಳೆಯ ಒಳಗೆ ಸರ್ವೆ ನಂಬರುಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು.

“ಯಾರು ಕೊಟ್ರು?”

“ಯಾರೂ ಕೊಡ್ಲಿಲ್ಲ ಕಣ್ ಸಾ” ಎಂದು ನಕ್ಕ. “ನಮ್ ಮಗ್ಳು ಅನುಶ್ರೀ ಗಣಿತದ ಬುಕ್ಕಿಗೆ ಟೀಚರಮ್ಮ ಬೈಂಡ್ ಹಾಕ್ಕೊಟ್ಟಿದ್ರು. ಬೈಂಡ್ ಕಿತ್ತೋಗಿತ್ತು, ನೋಡ್ತೀನಿ, ಒಳಗಡೆ ನಮ್ಮೊಲದ ನಂಬ್ರ! ಕ್ಲಾಸಿನ ಮಕ್ಕಳಿಗೆಲ್ಲ ಹೊಸ ಬೈಂಡ್ ಶೀಟ್ ಕೊಡ್ಸಿ ಹಳೇದ್ನೆಲ್ಲ ಇಸ್ಕಂಡು ಅಂಟಿಸ್ದೆ. ಒಂದ್ ವಾರ ಹಿಡೀತು.”

ಹಾಳೆಯನ್ನು ತಿರುಗಿಸಿದೆ. ಹಿಂಬದಿಯಲ್ಲಿ ಸಾಲಾಗಿ ಚೀಟಿಗಳು. ಅನುಶ್ರೀ, 8ನೇ ತರಗತಿ, ಗಣಿತ. ಅದರ ಪಕ್ಕ ವಿಜ್ಞಾನ. ಕೆಳಗೆ ಸಮಾಜ. ಆ ದುಂಡನೆಯ ಅಕ್ಷರವನ್ನು ನಾನು ಮೂವತ್ತು ವರ್ಷದಿಂದ ಮನೆಯ ಡಬ್ಬಗಳ ಮೇಲೆ ಓದುತ್ತಾ ಬಂದಿದ್ದೇನೆ. ತೊಗರಿಬೇಳೆ. ಮೆಣಸಿನಪುಡಿ. ಗಣಿತ.

“ಯಾವ್ದು ನಿಜ ಸಾ?” ಎಂದು ಅವನು ಮತ್ತೆ ಕೇಳಿದ.

“ಎರಡೂ ಅಲ್ಲ” ಎಂದೆ. ಹಾಳೆಯನ್ನು ನಾನೇ ಇಟ್ಟುಕೊಂಡೆ. ಕೊಡಿ ಎಂದು ಕೇಳುವವನಿದ್ದ, ನನ್ನ ಮುಖ ನೋಡಿ ಚಾಚಿದ ಕೈ ಹಿಂದಕ್ಕೆ ತೆಗೆದ. ನೀರು ತರಿಸಲೇ ಎಂದು ಕೇಳಿ ಹೋದ.

ಜುಲೈ 17, ಗುರುವಾರ

ಬೆಳಿಗ್ಗೆ ಕನಕಲಕ್ಷ್ಮಿ ಹೂ ಮುಡಿಯುತ್ತಿದ್ದಾಗ ಹಾಳೆಯನ್ನು ಮುಂದೆ ಹರಡಿದೆ. “ಅಯ್ಯೋ, ನಮ್ಮ ಮಕ್ಕಳ ಬೈಂಡು! ಇದ್ಯಾಕ್ರೀ ಹೀಗೆ ಅಂಟಿಸಿದಾರೆ?” ಎಂದಳು. ಹೇಳಿದೆ. ಹೇಳುತ್ತಾ ಹೋದ ಹಾಗೆ ಅವಳ ಕೈ ಹೂವಿನಲ್ಲೇ ನಿಂತಿತು.

“ನೀವು ತಂದಿದ್ದು ಅಂತ ನಾನು ತಿರುಗಿಸಿಯೂ ನೋಡ್ಲಿಲ್ಲ” ಎಂದಳು. ಆಮೇಲೆ, “ಆ ಹುಡುಗನ ಕೆಲಸ?” ಎಂದಳು.

ಬಸ್ಸಿಗೆ ತಡವಾಯಿತೆಂದು ಹೊರಟುಹೋದಳು. ಊಟದ ಡಬ್ಬಿ ಇಲ್ಲೇ ಉಳಿಯಿತು.

ಯೋಚಿಸಿದರೆ ದಾರಿ ಸುಲಭವಿದೆ. ಹಾಳೆ ನನ್ನ ಹತ್ತಿರವಿದೆ, ಇನ್ನೊಂದಿಲ್ಲ. ಮೋಹನ್‌ಕುಮಾರ್ ಎಲ್ಲೂ ಬಾಯಿ ಬಿಡುವವನಲ್ಲ. ಸುಳ್ಳು ಸಹಿ ಹಾಕಿದ್ದು ಗೊತ್ತಾದರೆ ನಿವೃತ್ತಿಯ ಹೊತ್ತಿಗೆ ನನ್ನ ಮೇಲೇ ವಿಚಾರಣೆ, ಪಿಂಚಣಿ ತಡೆ. ಮೂವತ್ತಮೂರು ವರ್ಷದ ಕೊನೆಗೆ ಕಳ್ಳನೆಂಬ ಹೆಸರು. ಒಲೆ ಹಚ್ಚಿದೆ. ಹಾಳೆಯ ಮೂಲೆ ಹಿಡಿದುಕೊಂಡು ನಿಂತೆ. ಆ ಕಡೆಯಿಂದ ಇಪ್ಪತ್ತು ಮಕ್ಕಳ ಹೆಸರು ಕಾಣುತ್ತಿತ್ತು. ಆಗಲಿಲ್ಲ. ಒಲೆ ಆರಿಸಿ, ಹಾಳೆಯನ್ನು ಕಣ್ಣಿಗೊತ್ತಿಕೊಂಡು ದೇವರ ಮನೆಯಲ್ಲಿಟ್ಟೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಜುಲೈ 18

ಏನೂ ಇಲ್ಲ.

ಜುಲೈ 20, ಭಾನುವಾರ

ಮತ್ತೆ ದಂಡಿಗನಹಳ್ಳಿಗೆ ಹೋಗಿದ್ದೆ. ಈ ಸಲ ಮುಂದಿನ ಸೀಟಿನಲ್ಲೇ ಕೂತೆ.

ಅನಿಲ ಪಾತಿ ಮಾಡುತ್ತಿದ್ದ. ನನ್ನನ್ನು ಕಂಡು ಗುದ್ದಲಿ ಕೆಳಗಿಟ್ಟ. ಹೊಲದ ಅಂಚಿಗೆ ಕಡಿದು ಹಾಕಿದ ಹಳೆಯ ತೆಂಗಿನ ಬೊಡ್ಡೆಗಳು ರಾಶಿ ಬಿದ್ದಿದ್ದವು. ಅವು ಹೋದ ಸಲವೂ ಅಲ್ಲೇ ಇದ್ದವು, ನಾನು ನೋಡಿರಲಿಲ್ಲ ಅಷ್ಟೇ. ಕಪ್ಪುತಲೆ ಹುಳು ಬಿದ್ದು ಇಡೀ ತೋಟ ಒಣಗಿತಂತೆ. ಮಾರ್ಚಿನಲ್ಲೇ ತೋಟಗಾರಿಕೆ ಇಲಾಖೆಗೆ ಅರ್ಜಿ ಹಾಕಿ ಸಸಿ ತಂದದ್ದಂತೆ. ನಕ್ಷೆ ಹುಟ್ಟುವುದಕ್ಕೂ ಮುಂಚೆ.

“ಫೋನಿನಲ್ಲಿ ಸರ್ವೆ ನಂಬರ್ ಅಂದಿದ್ದು?”

“ತೋಟಗಾರಿಕೆಯೋರು ಹುಳಕ್ಕೆ ಔಷ್ದಿ ಕೊಡೋ ಲಿಸ್ಟ್ ಸಾ.”

ಪುಟ್ಟತಾಯಮ್ಮ ಜಗಲಿಯ ಮೇಲೆ ಕೂತಿದ್ದರು. ಈ ಸಲ ಎದ್ದು ಸೆರಗಿನಲ್ಲಿ ಒರೆಸಲಿಲ್ಲ. “ಅವತ್ತು ಮಜ್ಗೆ ಕುಡುದ್ರಿ. ನನ್ ಮಗ ಏನ್ ತಪ್ ಮಾಡವ್ನೆ ಅಂತ ಬಾಯ್ಬುಟ್ಟು ಕೇಳಿದ್ರೆ ನಾನೇ ಯೋಳ್ತಿರ್ಲಿಲ್ವಾ ಸ್ವಾಮಿ?” ಎಂದರು. ತಲೆ ತಗ್ಗಿಸಿದೆ. ಆದರೂ ಅವರು ಒಳಗೆ ಹೋಗಿ ಮಜ್ಜಿಗೆ ತಂದಿಟ್ಟರು.

ಬಸ್ ನಿಲ್ದಾಣದವರೆಗೆ ಅನಿಲ ಜೊತೆಗೆ ಬಂದ. ಅಲ್ಲಿ ನಿಂತು ಎಲ್ಲವನ್ನೂ ಹೇಳಿದೆ: ಹಾಳೆ, ಬೈಂಡು, ವಹಿಯ ಸಹಿ. ಅವನು ಕೈಗೆ ಹತ್ತಿದ್ದ ಮಣ್ಣು ಉಜ್ಜಿಕೊಂಡ.

“ನೀವು ಆಳೆ ಚೀಲಕ್ಕಾಕ್ಕಂಡಿದ್ದು ಅವತ್ತೇ ನೋಡಿದ್ದೆ ಸಾ” ಎಂದ.

ನಾನು ಬೆಚ್ಚಿಬಿದ್ದೆ. “ಮತ್ತೆ ವಿಚಾರಣೆಯವರಿಗೆ ಅದನ್ನ ಯಾಕೆ ಬರೆದುಕೊಡ್ಲಿಲ್ಲ? ನಿನ್ನ ಕೆಲಸ ಉಳೀತಿತ್ತಲ್ಲ!”

“ಮಕ್ಕಳ ಬುಕ್ಕಿಗೆ ಅಂತ ನೀವೇ ಚಂದ್ರಯ್ಯಂಗೆ ಯೋಳ್ತಿದ್ರಿ. ಅದ್ರಾಗೆ ಅನ್ಮಾನ ಪಡೋದು ಏನೈತೆ ಸಾ? ಅದು ತಲೆಗೇ ಒಳೀಲಿಲ್ಲ.”

ಬಸ್ಸು ಬಂತು. ಹತ್ತಿದೆ. ಅವನು ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಜುಲೈ 24, ಗುರುವಾರ

ನಾಳೆ ಹನ್ನೊಂದು ಗಂಟೆಗೆ ವಿಚಾರಣೆ. ಮೇಡಂಗೆ ಸಂಜೆಯೇ ಎಲ್ಲ ಹೇಳಿದೆ. ಅಂಟಿಸಿದ ಹಾಳೆಯನ್ನು ಮೇಜಿನ ಮೇಲೆ ಹರಡಿ ನೋಡಿದರು. ಕೊನೆಗೆ, “ನಾನು ನಿಮ್ಮನ್ನೇ ಅನುಮಾನಿಸ್ತಿದ್ದೆ, ಆದ್ರೆ ಹೀಗಲ್ಲ” ಎಂದರು. ನಾನೂ ಅವರನ್ನು ಅನುಮಾನಿಸಿದ್ದನ್ನು ಹೇಳಿಬಿಟ್ಟೆ. ಇಬ್ಬರಿಗೂ ನಗುವುದೋ ಅಳುವುದೋ ತಿಳಿಯಲಿಲ್ಲ. ಯೋಜನೆ ಉಳಿಯುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಗುಟ್ಟು ಸಾಕು, ನಕ್ಷೆಯನ್ನು ನಾಲ್ಕೂ ಊರಿನ ಗೋಡೆಗೆ ಅಂಟಿಸಿ ಜನರನ್ನೇ ಕೇಳುತ್ತೇನೆ ಎಂದರು. ದೊಡ್ಡ ಪ್ರಿಂಟರಿಗೆ ಮೊದಲು ಅನಿಲನನ್ನು ಕರೆಸಿ ಎಂದೆ.

ಬಾಯಿಮಾತಿಗೆ ಬೆಲೆಯಿಲ್ಲ, ದಾಖಲೆ ಬೇಕು. ವಹಿಯಲ್ಲಿ ನನ್ನ ಸುಳ್ಳಿದೆ. ಅದು ಸುಳ್ಳೆಂದು ತಾರೀಖು ಸಮೇತ ಬರೆದಿಟ್ಟವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ. ಅದಕ್ಕೆ ಈ ಪುಸ್ತಕವನ್ನೇ ನಾಳೆ ಅವರ ಮುಂದೆ ಇಡುತ್ತೇನೆ. ಇದುವರೆಗೆ ಯಾರೂ ಓದುವುದಿಲ್ಲವೆಂದು ಬರೆದದ್ದು. ಇವತ್ತು ಕನಕಲಕ್ಷ್ಮಿ ಮೊದಲಿನಿಂದ ಕೊನೆಯವರೆಗೂ ಓದಿದಳು. “ಆ ಕಾಯಲ್ಲೇ ಹೋಳಿಗೆ ಮಾಡ್ಸಿದ್ರಲ್ರೀ” ಎಂದು ಕಣ್ಣೊರೆಸಿಕೊಂಡಳು. ನಾಳೆ ಅವಳೂ ರಜೆ ಹಾಕಿ ಬರುತ್ತಾಳಂತೆ.

ಜೂನ್ 4ರ ಪುಟವನ್ನು ಹರಿದುಬಿಟ್ಟರೆ ಈ ಪುಸ್ತಕದಲ್ಲಿ ನಾನು ಈಗಲೂ ಸಜ್ಜನನೇ. ಆ ಪುಟದ ಕೆಳಗೆ ಇವತ್ತಿನ ತಾರೀಖು ಹಾಕಿ ಪೂರ್ತಿ ಸಹಿ ಮಾಡಿದ್ದೇನೆ. ನೋಡುವವರಿಗೆ ಹುಡುಕುವ ಕಷ್ಟ ಬೇಡವೆಂದು ಅಂಚಿಗೆ ಒಂದು ಚೀಟಿಯನ್ನೂ ಅಂಟಿಸಿದ್ದೇನೆ.